ಕಂಬಳಿಯೊಳಗೆ ತಮ್ಮ ತೆಳು ಲ್ಯಾಪ್‌ಟಾಪ್

ಅಗ್ಗದ ಬೆಲೆಗೆ ತೆಳು ಲ್ಯಾಪ್‌ಟಾಪನ್ನು ಕರುಣಿಸಿದ ಕಂಪನಿಯ ಮಾನ್ಯರೇ,

ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ, ಬಿ.ಎಡ್. ಮುಗಿಸಿದ ಅನಿತಾ ಮಾಡುವ ಭಕ್ತಿಪೂರ್ವಕ ನಮಸ್ಕಾರಗಳು. ತಾವೆಲ್ಲರೂ ತಂಪಾದ ನೆರಳಿನಲ್ಲಿ ಕ್ಷೇಮವಾಗಿರುವಿರೆಂದು ನಂಬಿದ್ದೇನೆ.

ತಮ್ಮ ಲ್ಯಾಪ್‌ಟಾಪ್ ನಿಜಕ್ಕೂ ಹಗುರ. ಮನೆಗೆ ತಂದ ದಿನ ನಮ್ಮ ಮಾವ ಗಿಡ್ಡಪ್ಪನವರು ಅದನ್ನು ಒಂದೇ ಕೈಯಲ್ಲಿ ಎತ್ತಿ, "ಒಳಗೇನಾರ ಐತೇನವ್ವ, ಬರೀ ಡಬ್ಬಿ ಕೊಟ್ಟು ಕಳಿಸ್ಯಾರೋ?" ಎಂದರು. ಅಂದು ನಕ್ಕೆ. ಚಾರ್ಜರಿಗೂ ಇಯರ್‌ಫೋನಿಗೂ ಸೇರಿ ಇರುವುದು ಒಂದೇ ತೂತೆಂದು ಕಂಡ ಮೇಲೆ ನಗು ನಿಂತಿತು.

ಹೋದ ತಿಂಗಳು ವಸತಿ ಶಾಲೆಯೊಂದರ ವಿಜ್ಞಾನ ಶಿಕ್ಷಕಿ ಹುದ್ದೆಗೆ ನನ್ನ ಆನ್‌ಲೈನ್ ಸಂದರ್ಶನವಿತ್ತು. ಮದುವೆಯಾದಾಗಿನಿಂದ ನಾನು ಕಾದಿದ್ದ ಕರೆ ಅದು. ಅಂದು ಬೆಳಗ್ಗೆಯೇ ಕರೆಂಟು ಹೋಯಿತು. ತಮ್ಮ ಬ್ಯಾಟರಿ ಮಾತ್ರ ಜಗ್ಗಲಿಲ್ಲ, ಅದಕ್ಕೆ ಪ್ರತ್ಯೇಕವಾಗಿ ಕೈಮುಗಿಯುತ್ತೇನೆ. ಮನೆಯೊಳಗೆ ನೆಟ್‌ವರ್ಕ್ ಸಿಗದೆ, ಕುರಿರೊಪ್ಪದ ಪಕ್ಕ ಬಿಸಿಲಲ್ಲೇ ಕೂತು ಅದನ್ನು ತೆರೆದರೆ, ಪರದೆಯಲ್ಲಿ ಸಂದರ್ಶಕರ ಬದಲು ನನ್ನದೇ ಮುಖ ಕಾಣುತ್ತಿತ್ತು. ಕನ್ನಡಿಯಾಗಿ ಅದು ಉತ್ತಮ ದರ್ಜೆಯದು, ಬೈತಲೆ ಸರಿಮಾಡಿಕೊಂಡೆ. ನನ್ನ ಗಾಬರಿ ಕಂಡ ಮಾವ, "ತಡಿಯವ್ವ, ಹಿಂಗೆ ಮಾಡಾನ" ಎಂದು ಹೆಗಲ ಮೇಲಿನ ಕಂಬಳಿಯನ್ನು ನನಗೂ ಲ್ಯಾಪ್‌ಟಾಪಿಗೂ ಸೇರಿಸಿ ಹೊದಿಸಿಬಿಟ್ಟರು.

ಸಂದರ್ಶಕರು ಕಂಡರು. ಅವರಿಗೆ ನಾನು ಕಾಣಲಿಲ್ಲ, ಏಕೆಂದರೆ ತಮ್ಮ ಕ್ಯಾಮೆರಾಕ್ಕೆ ಕತ್ತಲೆಂದರೆ ಬರೀ ಕತ್ತಲೇ. ಸ್ಪೀಕರ್ ಗುಟ್ಟು ಹೇಳುವಂತೆ ಪಿಸುಗುಟ್ಟಿತು. ಮೈಕು ಮಾತ್ರ ತಮ್ಮ ಹೆಮ್ಮೆ: ಕುರಿ ಕೆಮ್ಮಿದ್ದನ್ನೂ ಬಿಡದೆ ಅತ್ತ ತಲುಪಿಸಿತು.

"ಎಲ್ಲಿದ್ದೀರಮ್ಮಾ?" ಎಂದರು ಹಿರಿಯ ಸಂದರ್ಶಕಿ.

"ಕಂಬಳಿ ಒಳಗಿದ್ದೀನಿ ಮೇಡಂ."

"ಹಾಗಾದ್ರೆ ಕಂಬಳಿ ಯಾಕೆ ಬೆಚ್ಚಗಿರುತ್ತೆ, ಏಳನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡಿ" ಎಂದರು.

ತೊಡೆಯ ಮೇಲೆ ಕಾದು ಸುಡುತ್ತಿದ್ದ ತಮ್ಮ ಯಂತ್ರವನ್ನು ಸಹಿಸುತ್ತಾ, ಉಣ್ಣೆಯ ಎಳೆಗಳ ನಡುವೆ ಸಿಕ್ಕ ಗಾಳಿ ಮೈಯ ಶಾಖವನ್ನು ಹೊರಗೆ ಬಿಡುವುದಿಲ್ಲ ಎಂದು ವಿವರಿಸಿದೆ. ಹೊರಗಿದ್ದ ಮಾವ ತಡೆಯಲಾರದೆ, "ಅದ್ರಾಗೆ ಎಲ್ಲಿ ಗಾಳಿ? ಇಷ್ಟು ವರ್ಷ ಉಣ್ಣೆ ಕತ್ತರಿಸೀನಿ, ನಾ ಕಂಡಿಲ್ಲ" ಎಂದರು. ಸಂದರ್ಶನ ನಡೆದಿದ್ದರೂ ಅನುಮಾನ ಬಂದವರನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ.

"ಮಾವ, ಬೇಲಿಗೆ ಸಿಕ್ಕಿರೋ ಉಣ್ಣೆ ತಗಂಡು ಮುಷ್ಟೀಲಿ ಅದುಮಿ. ಈಗ ಬಿಡಿ. ಮತ್ತೆ ಉಬ್ತಲ್ಲ, ಒಳಕ್ಕೆ ಏನು ಹೋತು?"

ಹೊರಗಿನಿಂದ ಮಾವ ಎಂದರು, "ಗಾಳಿನೇ ಬಿಡು."

ಆ ಕಡೆ ಎಲ್ಲರೂ ನಕ್ಕರು. ಕೆಲಸ ಸಿಕ್ಕಿದೆಯೆಂದು ಆ ವಾರವೇ ಫೋನು ಬಂತು. ಮಾವ ಊರಿಗೆಲ್ಲ ಹೇಳಿಕೊಂಡು ಬಂದರು.

ಆದಕಾರಣ, ಮುಂದಿನ ಮಾದರಿಯ ಪೆಟ್ಟಿಗೆಯೊಳಗೆ ಒಂದು ಕಂಬಳಿಯನ್ನೂ ಒಬ್ಬ ಮಾವನನ್ನೂ ಇಟ್ಟು ಕಳಿಸಬೇಕೆಂದೂ, ಅದು ಆಗದಿದ್ದರೆ ಜಗಳೂರು ಸೀಮೆಯ ಸೂರ್ಯನನ್ನಾದರೂ ತುಸು ಮಂಕು ಮಾಡಿಸಿಕೊಡಬೇಕೆಂದೂ ವಿನಂತಿಸುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಅನಿತಾ

ಮರೆತ ಮಾತು: ಶಾಲೆಗೆ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ. ತಮ್ಮವರು ಮಾದರಿ ತೋರಿಸಲು ದಯವಿಟ್ಟು ಮಟಮಟ ಮಧ್ಯಾಹ್ನವೇ ಬರಲಿ. ಆಟದ ಮೈದಾನದ ನಟ್ಟನಡುವೆ ಕುರ್ಚಿ ಹಾಕಿಸಿರುತ್ತೇನೆ.