ರ‍್ಯಾಲಿ ಕ್ರಾಸ್ ಎಂಬ ಊರಿನಲ್ಲಿ ಒಂದು ಸುತ್ತು

ಖಾನಾಪುರ ತಾಲೂಕಿನಲ್ಲಿ ರ‍್ಯಾಲಿ ಕ್ರಾಸ್ ಎಂಬ ಊರು ಮೊದಲು ಇರಲಿಲ್ಲ. ೧೯೭೫ರ ನವೆಂಬರ್ ಹನ್ನೊಂದರಿಂದ ಇದೆ. ಕಡತದಲ್ಲಿ ಹಾಗೆಯೇ ಬರೆದಿದೆ.

ಆ ದಿನ ಬೆಳಗಾವಿಯ ಕಚೇರಿಯೊಂದರಲ್ಲಿ ಮೇಜಿನ ಈಚೆ ಇಬ್ಬರು ನಿಂತಿದ್ದರು. ಒಬ್ಬರು ಮೋಟಾರು ಪ್ರೇಮಿಗಳ ಸಂಘದ ಕಾರ್ಯದರ್ಶಿ, ಅರಿವೆ ಅಂಗಡಿಯ ಪದ್ಮಾಕರ. ಇನ್ನೊಬ್ಬ ಕೋಟೆಯ ಹತ್ತಿರ ಗ್ಯಾರೇಜು ಇಟ್ಟಿದ್ದ ಮೈಲಾರಲಿಂಗ. ವಿಲಾಯತಿಯ ಪತ್ರಿಕೆಯೊಂದರಲ್ಲಿ ಪದ್ಮಾಕರರು ರ‍್ಯಾಲಿಕ್ರಾಸ್ ಎಂಬ ಕಾರು ಪಂದ್ಯದ ಚಿತ್ರ ನೋಡಿದ್ದರು. ಅರ್ಧ ಡಾಂಬರು, ಅರ್ಧ ಮಣ್ಣು ಇರುವ ದಾರಿಯಲ್ಲಿ ನಾಲ್ಕಾರು ಕಾರು ಒಮ್ಮೆಲೇ ಸುತ್ತು ಹಾಕಬೇಕು. ಅಂಥ ದಾರಿ ಮಾಡಲು ವಿಲಾಯತಿಯವರು ಬಹಳ ಕಷ್ಟಪಡುತ್ತಾರಂತೆ. ನಮ್ಮಲ್ಲಿ ಆ ಕಷ್ಟವಿಲ್ಲ. ಖಾನಾಪುರದಾಚೆ ಗುತ್ತಿಗೆದಾರ ಅರ್ಧಕ್ಕೇ ಬಿಟ್ಟುಹೋಗಿದ್ದ ಮೂರು ಕಿಲೋಮೀಟರ್ ಸುತ್ತುರಸ್ತೆ ತಾನಾಗಿಯೇ ಅಂತರರಾಷ್ಟ್ರೀಯ ಮಟ್ಟಕ್ಕೆ ಬಂದಿತ್ತು.

ಮೇಜಿನ ಆಚೆ ಕೂತಿದ್ದ ಗುಮಾಸ್ತ ಗುರುಪುತ್ರಪ್ಪನವರು ಅರ್ಜಿ ಓದಿ ಕನ್ನಡಕ ತೆಗೆದರು.

"ರ‍್ಯಾಲಿ ಅಂದ್ರ ಮೆರವಣಿಗಿ. ತುರ್ತು ಪರಿಸ್ಥಿತಿಯೊಳಗ ಮೆರವಣಿಗಿಗೆ ಬಂದಿ ಐತಿ. ಇದನ್ನ ಕೇಳಿದ್ದಕ್ಕನ ನಿಮ್ಮನ್ನ ಹಿಂಡಲಗಾ ಜೇಲಿಗೆ ಕಳಸಬೇಕಾಕ್ಕೈತಿ."

"ರ‍್ಯಾಲಿ ಅಲ್ರೀ ಸಾಹೇಬ್ರ, ರ‍್ಯಾಲಿಕ್ರಾಸ್," ಎಂದರು ಪದ್ಮಾಕರ.

"ಕ್ರಾಸ್?" ಗುರುಪುತ್ರಪ್ಪನವರ ಮುಖ ಅರಳಿತು. "ಹಂಗಂದ್ರ ಊರ ಕ್ರಾಸು. ಬಸ್ಸು ನಿಲ್ಲೂ ಜಾಗಾ. ಜಾಗಾಕ್ಕ ಬಂದಿ ಇಲ್ಲ. ಮೊದಲ ಹಂಗ ಹೇಳಬಾರದ?"

ಪದ್ಮಾಕರರು ತಿದ್ದಲು ಬಾಯಿ ತೆರೆದರು. ಮೈಲಾರಲಿಂಗ ಅವರ ಕಾಲು ತುಳಿದ. "ಹೌದ್ರಿ, ಜಾಗಾನ ಐತ್ರಿ," ಎಂದ. ಹೀಗೆ 'ರ‍್ಯಾಲಿ ಕ್ರಾಸ್ ಎಂಬಲ್ಲಿ ಕಾರು ಓಡಿಸಲು ಅಡ್ಡಿಯಿಲ್ಲ' ಎಂಬುದಕ್ಕೆ ಶಿಕ್ಕಾ ಬಿತ್ತು. ಇದೆ ಎಂದು ಒಂದು ಕಚೇರಿ ಒಪ್ಪಿದ ಜಾಗವನ್ನು ಇಲ್ಲ ಎನ್ನಲು ಉಳಿದ ಕಚೇರಿಗಳಿಗೆ ಧೈರ್ಯ ಬರಲಿಲ್ಲ.

ಪಂದ್ಯ ಮೂರು ವರ್ಷ ಭರಾಟೆಯಿಂದ ನಡೆಯಿತು. ಬೆಳಗಾವಿಯಿಂದ ಜನ ಲಾರಿ ಹತ್ತಿ ಬಂದರು, ಬಾಯಿತುಂಬ ಕೆಂಪು ಮಣ್ಣು ತಿಂದು ಖುಷಿಯಾಗಿ ಹೋದರು. ಮೂರು ವರ್ಷವೂ ಮೊದಲ ಬಹುಮಾನ ಕೊಲ್ಲಾಪುರದವನೊಬ್ಬನಿಗೆ; ಎರಡನೆಯದು, ತನ್ನ ಹಳೆಯ ಹೆರಾಲ್ಡ್ ಕಾರು ಓಡಿಸಿದ ಮೈಲಾರಲಿಂಗನಿಗೆ. ಜನ ಅವನನ್ನು 'ಎರಡನೇ ನಂಬರಿನ ಮೈಲಾರಿ' ಎಂದು ಕರೆಯತೊಡಗಿದರು. ಹೊಸ ಗಿರಾಕಿಗಳು ಅದನ್ನು ಕೇಳಿ, ಇವನದು ಎರಡನೇ ನಂಬರಿನ ದಂಧೆ ಎಂದು ತಿಳಿದು, ಕದ್ದ ಟೈರು ಇದ್ದರೆ ತೋರಿಸಪ್ಪಾ ಎಂದು ಪ್ರೀತಿಯಿಂದ ವಿಚಾರಿಸುತ್ತಿದ್ದರು. ಒಂದೇ ಒಂದು ಸಲ ಮೊದಲು ಬರಬೇಕು, ಆ ಹೆಸರು ತೊಳೆದುಹೋಗಬೇಕು. ಬದುಕಿನಲ್ಲಿ ಅವನಿಗೆ ಬೇಕಾದದ್ದು ಇಷ್ಟೇ.

ಅಷ್ಟರಲ್ಲಿ ಊರು ಬೆಳೆಯಿತು. ಕ್ರಾಸ್ ಇದ್ದ ಮೇಲೆ ಬಸ್ಸು ಬೇಕು ಎಂದು ಖಾನಾಪುರದಿಂದ ಬಸ್ಸು ಬಿಟ್ಟರು. ತಿರುಗಿಸಲು ಬೇರೆ ಜಾಗವಿಲ್ಲದ್ದರಿಂದ ಅದು ಪಂದ್ಯದ ದಾರಿಯಲ್ಲೇ ಒಂದು ಸುತ್ತು ಹಾಕಿ ಮರಳಬೇಕೆಂದಾಯಿತು. ಬಸ್ಸಿನವರಿಗೆ ಚಹಾ ಬೇಕು ಎಂದು ಅಕ್ಕಾತಾಯಿ ಎಂಬಾಕೆ ಗುಡಿಸಲು ಹಾಕಿದಳು. ಗುಡಿಸಲು ಎದ್ದ ಮೇಲೆ ಲೆಕ್ಕ ಬರೆದುಕೊಳ್ಳುವವರು ಬಂದರು. ಜನಸಂಖ್ಯೆ ಒಂದು, ಸ್ತ್ರೀಯರ ಪ್ರಮಾಣ ನೂರಕ್ಕೆ ನೂರು. ಜನವಸತಿ ಇರುವಲ್ಲಿ ಕಾರು ಜೋರಾಗಿ ಓಡಿಸುವುದು ಅಪರಾಧವಾದ್ದರಿಂದ, ಗಂಟೆಗೆ ಇಪ್ಪತ್ತು ಕಿಲೋಮೀಟರ್ ಮೀರಬಾರದೆಂದು ಫಲಕ ನೆಟ್ಟರು. ಕೊಲ್ಲಾಪುರದವನು ಫಲಕವನ್ನು ಎರಡು ಸಲ ಓದಿ, ಕಾರು ತಿರುಗಿಸಿಕೊಂಡು ಹೋದವನು ಮತ್ತೆ ಬರಲಿಲ್ಲ. ಪಂದ್ಯ ನಿಂತಿತು.

ಎಂಟು ವರ್ಷ ಕಳೆದವು. ೧೯೮೬ರಲ್ಲಿ ಮೈಲಾರಲಿಂಗನಿಗೆ ಐವತ್ತೆರಡಾಗಿತ್ತು, ಬಲಗಣ್ಣಿಗೆ ಪೊರೆ ಬರತೊಡಗಿತ್ತು. ಹೆಂಡತಿ ಗೌರವ್ವ ಒಂದು ದಿನ ಕೊಡ ಕುಕ್ಕಿ ಇಟ್ಟಳು.

"ಕಣ್ಣು ಪೂರಾ ಹೋಗೂದರೊಳಗ ಒಮ್ಮೆರೆ ಗೆದ್ದ ಬರ್ರಿ. ನಳದ ಕಡೆ ನನಗ ಎರಡನೇ ನಂಬರಿನ ಹೆಂಡ್ತಿ ಅಂತಾರ. ಮೊದಲನೇದಾಕಿ ಎಲ್ಲದಾಳ ಅಂತ ಕೇಳ್ತಾರ!"

ಮೈಲಾರಲಿಂಗ ಆ ದಿನವೇ ಪದ್ಮಾಕರರನ್ನು ಎಬ್ಬಿಸಿಕೊಂಡು ಕಚೇರಿಗೆ ಹೋದ. ಗುರುಪುತ್ರಪ್ಪನವರು ಅದೇ ಕುರ್ಚಿಯಲ್ಲಿದ್ದರು. ಮೂರು ತಿಂಗಳ ಮೇಲೆ ಆದೇಶ ಬಂತು.

'ಸದರಿ ಪಂದ್ಯದ ಪುನರುಜ್ಜೀವನಕ್ಕೆ ಈ ಷರತ್ತುಗಳ ಮೇಲೆ ಅನುಮತಿಸಲಾಗಿದೆ. ವೇಗದ ಮಿತಿ ಮೀರಕೂಡದು. ಇಂಧನ ಉಳಿತಾಯದ ದೃಷ್ಟಿಯಿಂದ ಆರು ಸುತ್ತಿನ ಬದಲು ಒಂದೇ ಸುತ್ತು ಹಾಕತಕ್ಕದ್ದು. ಬಸ್ ಸಂಚಾರಕ್ಕೆ ಅಡ್ಡಿ ಮಾಡಕೂಡದು. ಸದರಿ ವೇಳೆಯಲ್ಲಿ ಸದರಿ ರಸ್ತೆಯಲ್ಲಿ ಸಂಚರಿಸುವ ಎಲ್ಲ ವಾಹನಗಳನ್ನೂ ಸ್ಪರ್ಧಿಗಳೆಂದು ಪರಿಗಣಿಸತಕ್ಕದ್ದು.'

ಮೈಲಾರಲಿಂಗ ಎಲ್ಲದಕ್ಕೂ ಸಹಿ ಹಾಕಿದ. ಎಷ್ಟು ನಿಧಾನವಾದರೂ ಓಟ ಓಟವೇ. ಕೊಲ್ಲಾಪುರದವನಂತೂ ಬರುವುದಿಲ್ಲ.

ಪಂದ್ಯದ ದಿನ ಗೌರವ್ವನೂ ಬಂದಳು, ಬೆಳಗಾವಿಯ ಜನವೂ ಮತ್ತೆ ಲಾರಿ ಹತ್ತಿ ಬಂದರು. ಓಟಕ್ಕೆ ನಿಂತದ್ದು ಎರಡೇ ಕಾರು: ಅವನ ಹೆರಾಲ್ಡ್, ಪದ್ಮಾಕರರ ಫಿಯಾಟ್. ಗುರುಪುತ್ರಪ್ಪನವರು ನಿರ್ಣಾಯಕರಾಗಿ ಅಕ್ಕಾತಾಯಿಯ ಬಾಕಿನ ಮೇಲೆ ಗಡಿಯಾರ ಇಟ್ಟುಕೊಂಡು ಕೂತಿದ್ದರು. ಸರಿಯಾಗಿ ಹತ್ತಕ್ಕೆ ಸೀಟಿ ಊದಿದರು. ಮೈಲಾರಲಿಂಗ ವೇಗದ ಮುಳ್ಳನ್ನು ಇಪ್ಪತ್ತರ ಮೇಲೆ ಏರಗೊಡದೆ ಹಲ್ಲು ಕಚ್ಚಿ ಓಡಿಸಿದ. ಡಾಂಬರಿನ ಮೇಲೆ ಅಕ್ಕಾತಾಯಿಯ ನಾಯಿ ಅವನನ್ನು ಹಿಂದೆ ಹಾಕಿತು; ಅದು ವಾಹನವಲ್ಲವೆಂದು ಅವನು ಚಿಂತಿಸಲಿಲ್ಲ. ಮಣ್ಣಿನ ಭಾಗದಲ್ಲಿ ಪದ್ಮಾಕರರ ಫಿಯಾಟ್ ಹೂತುಹೋಯಿತು. ಹತ್ತು ಹನ್ನೆರಡಕ್ಕೆ ಹೆರಾಲ್ಡ್ ಗೆರೆ ದಾಟಿತು.

ಗೌರವ್ವ ಸೆರಗು ಬಾಯಿಗಿಟ್ಟು ಅತ್ತಳು. ಮೈಲಾರಲಿಂಗನಿಗೂ ಅಳು ತಡೆಯಲಾಗಲಿಲ್ಲ. ಕಾರಿನಿಂದಿಳಿದು, ಹಾರಕ್ಕೆ ಕೊರಳು ಬಗ್ಗಿಸಿ ನಿಂತ. ಹಾರ ಬೀಳಲಿಲ್ಲ.

"ಕುಂದರ್ರಿ," ಎಂದರು ಗುರುಪುತ್ರಪ್ಪನವರು. "ನಿಮ್ಮದು ಎರಡನೇ ನಂಬರ."

"ಎರಡ? ಮೊದಲ ಯಾರ್ರೀ?"

"ಖಾನಾಪುರ ಬಸ್ಸು." ಅವರು ವೇಳಾಪಟ್ಟಿ ಬಿಚ್ಚಿದರು. "ನೋಡ್ರಿ. ಹತ್ತಕ್ಕ ರ‍್ಯಾಲಿ ಕ್ರಾಸ್ ಬಿಡ್ತೈತಿ. ಸುತ್ತು ಹಾಕಿ ಹತ್ತು ಹತ್ತಕ್ಕ ರ‍್ಯಾಲಿ ಕ್ರಾಸ್ ಮುಟ್ಟತೈತಿ. ನೀವು ಬಂದಿದ್ದು ಹತ್ತು ಹನ್ನೆರಡಕ್ಕ."

"ಇವತ್ತ ಬಸ್ಸು ಬಂದ ಇಲ್ಲಲ್ರೀ!" ಮೈಲಾರಲಿಂಗ ಕೂಗಿದ. "ಹತ್ತರ ಬಸ್ಸು ಯಾವತ್ತರೆ ಹತ್ತಕ್ಕ ಬಂದೈತೇನ್ರೀ?"

"ಸರಕಾರಿ ಕಾಗದದಾಗ ಬಂದೈತಿ. ಹೋಗ್ಲಿ, ನೀವು ಹೇಳ್ರಿ. ಪೂರಾ ಸುತ್ತಿನೊಳಗ ನಿಮ್ಮ ಮುಂದ ಎಲ್ಲೆರೆ ಬಸ್ಸು ಕಂಡತೇನು?"

"ಇಲ್ರಿ."

"ಅಷ್ಟ ಮುಂದಿತ್ತ ಅದು."

ಮೈಲಾರಲಿಂಗ ಯೋಚಿಸಿದ. ಮೂರು ಕಿಲೋಮೀಟರನ್ನೂ ಮನಸ್ಸಿನಲ್ಲಿ ಮತ್ತೊಮ್ಮೆ ಸುತ್ತಿ ಬಂದ. ಖರೇ, ಎಲ್ಲಿಯೂ ಬಸ್ಸಿನ ಬೆನ್ನು ಸಹ ಕಂಡಿರಲಿಲ್ಲ. ಅಷ್ಟರಲ್ಲಿ ಜನ ಚಪ್ಪಾಳೆ ಹೊಡೆಯತೊಡಗಿದ್ದರು. ಹಾರವನ್ನು ಅಕ್ಕಾತಾಯಿಯ ನೀರಿನ ಕೊಡದ ಮೇಲೆ ಬಾಡದಂತೆ ಇಟ್ಟರು. ಯಾರೂ ಮನೆಗೆ ಹೋಗಲಿಲ್ಲ.

ಸಂಜೆ ನಾಲ್ಕೂಕಾಲಿಗೆ ಬಸ್ಸು ಬಂತು. ಚಾಲಕ ಕರೆಪ್ಪ ಇಳಿಯುತ್ತಲೇ ಗುರುಪುತ್ರಪ್ಪನವರು ಹಾರ ಹಾಕಿದರು. ಯಾಕೆಂದು ಅವನು ಕೇಳಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥದೊಂದು ಎಂದಾದರೂ ಆಗಲೇಬೇಕಿತ್ತು ಎಂಬಂತೆ ಕೈ ಮುಗಿದ. ಮೈಲಾರಲಿಂಗ ಗುಂಪು ಸರಿಸಿ ಮುಂದೆ ಬಂದು ಅವನ ಕೈ ಹಿಡಿದುಕೊಂಡ.

"ಭಾಳ ಜೋರ ಹೊಡದ್ರಿ ಬಿಡ್ರಿ," ಎಂದ. "ನನಗ ನಿಮ್ಮ ಧೂಳ ಸುದ್ಧಾ ಕಾಣಲಿಲ್ಲ."