ಮಿಕ್ಸರಿನೊಳಗಿನ ಅಜ್ಜಿ

"ನಿಮ್ಮ ಮಿಕ್ಸರ್ ಒಳಗೆ ಒಟ್ಟು ಎಷ್ಟು ಜನ ಇದ್ದಾರೆ?" ಎಂದು ಗಿರಾಕಿಯೊಬ್ಬಳು ಬೆಳಿಗ್ಗೆ ಬೆಳಿಗ್ಗೆಯೇ ಫೋನು ಮಾಡಿ ಕೇಳಿದ್ದೇ ಎಲ್ಲಕ್ಕೂ ಮೂಲ. ಅವಳು ಕೇಳಿದ್ದು ತಪ್ಪಲ್ಲ. ಡಬ್ಬದ ಮೇಲಿನ ಬರಹ ಸಂತೆಯಲ್ಲಿ ಕೂಗುವವನ ಹಾಗಿತ್ತು, ಒಳಗಿನ ಕೈಪಿಡಿ ತಾವು-ತಮ್ಮ ಎಂದು ನಡು ಬಗ್ಗಿಸುತ್ತಿತ್ತು, ರಿಪೇರಿ ವಿಭಾಗದ ಮೆಸೇಜಂತೂ ಪೊಲೀಸರ ಹಾಗೆ ಗದರಿಸುತ್ತಿತ್ತು.

ಮಿಕ್ಸರ್ ಕಂಪನಿಯ ಒಡತಿ ಮೇಡಂ ಪೆನ್ನಪ್ಪನನ್ನು ಕರೆಸಿದರು. ಬರೆಯುವ ಕೆಲಸ ಅವನದು. ಹೆಸರೂ ಆ ಕೆಲಸದಿಂದಲೇ ಅಂಟಿಕೊಂಡದ್ದು. ಸಂಜೆಯೊಳಗೆ ಎಲ್ಲ ಬರಹಕ್ಕೂ ಒಂದೇ ದನಿ ಬರಬೇಕು, ಅವನ ಹಂಗಾಮಿ ಕೆಲಸ ಕಾಯಂ ಆಗುವ ವಿಚಾರವೂ ಇವತ್ತೇ ತೀರ್ಮಾನ ಎಂದರು. ಪೆನ್ನಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೆಲಸ ಕಾಯಂ ಆದರೆ ಮಾತ್ರ ಮದುವೆ ಎಂದು ಅವನು ಮೆಚ್ಚಿದ ಹುಡುಗಿಯ ಅಪ್ಪ ಪಟ್ಟು ಹಿಡಿದು ಕೂತಿದ್ದರು.

ಅವನು ಕುರ್ಚಿಗೆ ಬರುವಷ್ಟರಲ್ಲಿ, ಜ್ವರ ಬಂದರೆ ಬೀದಿಯವರೆಲ್ಲ ವೈದ್ಯರಾಗುವ ಹಾಗೆ, ಆಫೀಸಿನವರೆಲ್ಲ ಸಾಹಿತಿಗಳಾಗಿದ್ದರು. ಮಾರಾಟದ ಮ್ಯಾನೇಜರು ಅಬ್ಬರ ಬೇಕೆಂದ. ಕಂಪನಿಯ ವಕೀಲರು ಬೆದರಿಕೆ ಇಲ್ಲದ್ದು ಬರಹವೇ ಅಲ್ಲವೆಂದರು. ಇಬ್ಬರನ್ನೂ ಮೀರಲಾರದೆ ಪೆನ್ನಪ್ಪ ಬರೆದದ್ದು: "ಬಂದಿದೆ ಬಿರುಗಾಳಿ! ಬೆರಳು ತುಂಡಾದರೆ ಕಂಪನಿ ಹೊಣೆಯಲ್ಲ." ಓದಿದ ರಿಸೆಪ್ಷನಿಸ್ಟ್ ಬೆರಳು ಮಡಿಚಿಕೊಂಡಳು.

ಮಧ್ಯಾಹ್ನ ಮನೆಯಿಂದ ಅವನ ಅಜ್ಜಿಯ ಫೋನು ಬಂತು. "ಊಟ ಆಯ್ತಾ ಕಂದಾ? ಗೀಸರ್ ಆಫ್ ಮಾಡದೇ ಹೋಗಿದ್ದೀಯಲ್ಲೋ. ಇನ್ಮೇಲಾದ್ರೂ ನೆನಪಿಟ್ಕೋ. ಚೆನ್ನಾಗಿರು."

ಬೈಸಿಕೊಂಡದ್ದೂ ಹಿತವಾಗಿತ್ತು. ಪೆನ್ನಪ್ಪ ಧಡಕ್ಕನೆ ಎದ್ದು ನಿಂತ. ಸಿಕ್ಕೇಬಿಟ್ಟಿತು! ಮಿಕ್ಸರ್ ಅಜ್ಜಿಯ ಹಾಗೆ ಮಾತಾಡಲಿ. ಮೊದಲು ಕ್ಷೇಮ ವಿಚಾರಿಸು, ಆಮೇಲೆ ವಿಷಯ ಹೇಳು, ಕೊನೆಗೆ ಹರಸು. ಇದನ್ನೇ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ.

ಇಡೀ ಆಫೀಸಿಗೆ ಅಜ್ಜಿ ಮೈಮೇಲೆ ಬಂದಳು. ರಿಪೇರಿಯವರು ಮೆಸೇಜುಗಳನ್ನು ತಾವೇ ತಿದ್ದಿಕೊಂಡರು. ವಕೀಲರು ಕೂಡ, "ಚೆನ್ನಾಗಿದ್ದೀಯಾ ಮಗಾ? ನೀರಿಗೆ ಬಿದ್ದರೆ ಗ್ಯಾರಂಟಿ ಇಲ್ಲ. ಸುಖವಾಗಿರು" ಎಂದು ಬರೆದು ಕಣ್ಣೊರೆಸಿಕೊಂಡರು.

ಸಂಜೆ ಮೇಡಂ ಕರೆದರು. ಪೆನ್ನಪ್ಪ ತಲೆ ಬಾಚಿಕೊಂಡು, "ಕೆಲಸ ಕಾಯಂ ಆಯ್ತು ಅಂತ ನಿಮ್ಮಪ್ಪನಿಗೆ ಹೇಳಿಬಿಡು" ಎಂದು ಹುಡುಗಿಗೆ ಮೆಸೇಜು ಕಳಿಸಿ ಒಳಗೆ ಹೋದ.

"ಊಟ ಸರಿಯಾಗಿ ಮಾಡಿದ್ಯಾ ಕಂದಾ?" ಎಂದರು ಮೇಡಂ. ಅವನ ಎದೆ ಅರಳಿತು. "ಎಂಥಾ ಉಪಾಯ ಹೇಳಿಕೊಟ್ಟೆ. ಈಗ ಎಲ್ಲರಿಗೂ ಬರೆಯೋಕೆ ಬಂದುಬಿಡ್ತು, ಅದಕ್ಕೇ ಅಂತ ಒಬ್ಬರು ಬೇಕಾಗಿಲ್ಲ. ನಾಳೆಯಿಂದ ಬರೋ ತೊಂದ್ರೆ ತಗೋಬೇಡ. ಎಲ್ಲಿದ್ರೂ ತಣ್ಣಗಿರು."

ವಿಚಾರಿಸಿ, ಹೇಳಿ, ಹರಸಿದ್ದರು. ದನಿ ಎಲ್ಲೂ ತಪ್ಪಿರಲಿಲ್ಲ.

ಗೇಟಿನಲ್ಲಿ ಕಾವಲುಗಾರ, ಸುಸ್ತಾಯಿತೇ ಮಗಾ ಎಂದು ಕೇಳಿ, ಐಡಿ ಕಾರ್ಡು ಇಸಿದುಕೊಂಡು, ಹುಷಾರಾಗಿ ಹೋಗೆಂದು ಹರಸಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹುಡುಗಿಯ ಅಪ್ಪ.

"ಏನಪ್ಪಾ, ಚೆನ್ನಾಗಿದ್ದೀಯಾ?" ಎಂದರು ಅಕ್ಕರೆಯಿಂದ.

ಮುಂದಿನ ಮಾತು ಕೇಳಲು ಪೆನ್ನಪ್ಪನಿಗೆ ಧೈರ್ಯ ಬರಲಿಲ್ಲ.