ಕಚ್ಚಾ ರಬ್ಬರಿನ ಮೇಲೆ ಅತ್ತೆಯ ಸವಾರಿ

ಮನುಷ್ಯ ಮಂಗಳ ಗ್ರಹದ ಮೇಲೆ ಬಂಡಿ ಓಡಿಸುವ ಈ ಕಾಲದಲ್ಲಿ, ಸಿದ್ಧಕಟ್ಟೆಯ ಡಾಮರು ರಸ್ತೆಯಿಂದ ನನ್ನ ಮನೆಯವರೆಗಿನ ಅರ್ಧ ಕಿಲೋಮೀಟರ್ ಮಣ್ಣುದಾರಿಯಲ್ಲಿ ನನ್ನ ಕಾರು ತಳ ಬಡಿಸಿಕೊಳ್ಳದೆ ಬರಲಾರದು ಎಂದರೆ ಅದು ವಿಜ್ಞಾನಕ್ಕೇ ಅವಮಾನ! ನಾನು ಪದ್ಮಯ್ಯ, ಇಪ್ಪತ್ತಾರು ವರ್ಷಗಳಿಂದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರು. ಆ ಅವಮಾನವನ್ನು ಈ ಬೇಸಿಗೆ ರಜೆಯಲ್ಲಿ ನನ್ನ ಕೈಯಾರೆ ತೊಳೆಯುತ್ತೇನೆಂದು ಶಪಥ ಮಾಡಿದೆ. ಅದಾಗಿ ತಿಂಗಳು ತುಂಬಿಲ್ಲ. ಈಗ ಕೈ ಹಾಗಿರಲಿ, ನಾಲಿಗೆ ಎತ್ತುವುದಕ್ಕೂ ತ್ರಾಣವಿಲ್ಲ.

ಶಪಥಕ್ಕೆ ಕಾರಣ ಅತ್ತೆ. ನನ್ನ ಹೆಂಡತಿ ದೀಪಶ್ರೀಯ ತಾಯಿ ಕಾವೇರಮ್ಮ ಚಾರ್ಮಾಡಿಯಲ್ಲಿ ಮಗನ ಜತೆ ಇದ್ದಾರೆ. ಎರಡು ವರ್ಷಗಳ ಹಿಂದೆ ನಮ್ಮಲ್ಲಿಗೆ ಬರುವಾಗ ದಾರಿಯ ನಡುವೆ ತಲೆ ಎತ್ತಿಕೊಂಡಿರುವ ಒಂದು ಮುರಕಲ್ಲು ಕಾರಿನ ತಳಕ್ಕೆ ಗುದ್ದಿ, ಅವರ ಸೊಂಟ ಹಿಡಿದುಕೊಂಡಿತು. ಆಮೇಲೆ ಅವರು ನಮ್ಮ ಹೊಸ್ತಿಲು ತುಳಿದಿಲ್ಲ. ಅಮ್ಮನನ್ನು ಒಂದು ತಿಂಗಳಾದರೂ ಜತೆಗೆ ಇಟ್ಟುಕೊಳ್ಳಬೇಕೆಂದು ದೀಪಶ್ರೀಗೆ ಆಸೆ. ಹಲಸಿನ ಹಪ್ಪಳ ಮಾಡುವುದು ಬರೀ ನೆಪ.

"ಅಮ್ಮ ಈ ಸಲವೂ ಬರುವುದಿಲ್ಲಂತೆ," ಎಂದು ಅವಳು ಫೋನ್ ಕೆಳಗಿಟ್ಟಳು. ಆ ಮುಖ ನೋಡಿ ನನಗೆ ನಿಜವಾಗಿಯೂ ಬೇಜಾರಾಯಿತು.

"ನಾನು ಕಾರನ್ನೇ ಎತ್ತರ ಮಾಡ್ತೇನೆ. ಅತ್ತೆಯನ್ನು ಹೂವಿನ ಹಾಗೆ ತರ್ತೇನೆ ನೋಡು."

"ಶಾಫಿಯ ಗ್ಯಾರೇಜಿಗೆ ಕೊಡುವ."

"ಶಾಫಿ ನನ್ನ ಶಿಷ್ಯ. ಕಲಿಸಿದವನೇ ಕೇಳ್ಲಿಕ್ಕೆ ಹೋಗುವುದಾ?"

"ಹಾಗಾದರೆ ಆ ಕಲ್ಲನ್ನು ಒಡೆಸಿ ತೆಗೆಸಿದರೆ ಆಗುವುದಿಲ್ವಾ?"

"ಕಲ್ಲು ಒಡೆಯಲಿಕ್ಕೆ ವಿಜ್ಞಾನ ಬೇಡ," ಎಂದೆ. ಅವಳು ಹಲಸಿನ ಸೊಳೆ ಬಿಡಿಸಲು ಹೋದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅವಳಿಗೂ ಸುಸ್ತು.

ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ತುಂಡು ಸಿಕ್ಕಿಸಿದರೆ ಕಾರು ಎತ್ತರವಾಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಅದಕ್ಕೆಂದೇ ಮಾಡಿದ ರಬ್ಬರ್ ಪೇಟೆಯಲ್ಲಿ ಸಿಗುತ್ತದಂತೆ. ಆದರೆ ನಮ್ಮ ಗುಡ್ಡದಲ್ಲಿ ಇನ್ನೂರು ರಬ್ಬರ್ ಮರಗಳಿವೆ. ಹಾಲು ಇಳಿಸಿ, ಹೆಪ್ಪು ಹಾಕಿ, ಮೆಷಿನಿನಲ್ಲಿ ಒತ್ತಿ, ಹೊಗೆಗೆ ಒಣಗಿಸಿದ ಶೀಟುಗಳ ಅಟ್ಟಿಯೇ ಮನೆಯಲ್ಲಿತ್ತು. ರಬ್ಬರ್ ಬೆಳೆಯುವವನು ಅಂಗಡಿಯಿಂದ ರಬ್ಬರ್ ತರುವುದೆಂದರೆ ತೆಂಗಿನ ತೋಟದವನು ಎಳನೀರು ಕ್ರಯಕ್ಕೆ ತಂದ ಹಾಗೆ.

ಮೂರು ದಿನ ಕಾರಿನ ಅಡಿಯಲ್ಲಿ ಬೆನ್ನು ಊರಿದೆ. ಜಾಕಿ ಕೊಟ್ಟು ಎತ್ತುವುದು, ಶೀಟನ್ನು ಕತ್ತಿಯಿಂದ ಕೊಯ್ದು ಸುರುಳಿ ಸುತ್ತುವುದು, ಸ್ಪ್ರಿಂಗಿನೊಳಗೆ ಬಡಿದು ತುರುಕುವುದು. ನಾಲ್ಕು ಚಕ್ರ ಮುಗಿಯುವಾಗ ನನ್ನ ಸೊಂಟ ಅತ್ತೆಯ ಸೊಂಟಕ್ಕೆ ಸಮನಾಗಿತ್ತು. ಆದರೆ ಕಾರು ಮೂರು ಇಂಚು ಎದ್ದಿತ್ತು! ಆ ಮುರಕಲ್ಲಿನ ಮೇಲೆ ಹೋದೆ, ಬಂದೆ, ಮತ್ತೆ ಹೋದೆ. ಒಂದು ಸಲವೂ ತಾಗಲಿಲ್ಲ.

ನೆರೆಮನೆಯ ನೋಣಯ್ಯ ಬೇಲಿಯ ಆಚೆಯಿಂದ ಕೇಳಿದ, "ಮಾಷ್ಟ್ರೇ, ಹತ್ತಲಿಕ್ಕೆ ಏಣಿ ಉಂಟಾ?" ಅಸೂಯೆ ಎಂದುಕೊಂಡು ಜಾಕಿಯನ್ನು ಒಳಗಿಟ್ಟೆ.

ಮರುದಿನ ಬೆಳಗ್ಗಿನ ತಂಪಿನಲ್ಲಿ ಇಬ್ಬರೂ ಹೊರಟೆವು. ಕಲ್ಲು ದಾಟುವವರೆಗೆ ಸ್ವರ್ಗ. ಡಾಮರು ರಸ್ತೆಗೆ ಬಂದ ಮೇಲೆ ಕಾರು ಕುಪ್ಪಳಿಸತೊಡಗಿತು. ಮಡಂತ್ಯಾರಿನ ರಸ್ತೆಯುಬ್ಬಿನಲ್ಲಿ ನಮ್ಮಿಬ್ಬರ ತಲೆಯೂ ಕಾರಿನ ಮಾಡಿಗೆ ತಾಗಿತು.

"ಇದರಲ್ಲಿ ಅಮ್ಮನನ್ನು ಕೂರಿಸುವುದಾ?" ಎಂದಳು ದೀಪಶ್ರೀ, ನೆತ್ತಿ ಉಜ್ಜಿಕೊಳ್ಳುತ್ತಾ.

"ಬರುವಾಗ ಭಾರ ಹೆಚ್ಚಾಗ್ತದೆ. ಆಗ ಮೆತ್ತಗಾಗ್ತದೆ."

ಇಡೀ ಪ್ರಕರಣದಲ್ಲಿ ನಾನು ಹೇಳಿದ ಏಕೈಕ ಸತ್ಯ ಅದು.

ಚಾರ್ಮಾಡಿಯಲ್ಲಿ ಕಾರನ್ನು ಬಟಾಬಯಲಿನಲ್ಲಿ ನಿಲ್ಲಿಸಿ ಊಟಕ್ಕೆ ಕೂತೆವು. ಮೇ ತಿಂಗಳ ಬಿಸಿಲು. ಅತ್ತೆ ಕಾರನ್ನು ಸುತ್ತು ಹಾಕಿ ನೋಡಿ, ಅಂತೂ ಒಪ್ಪಿದರು. "ಎರಡೇ ದಿನ. ಹೆಚ್ಚು ಕೇಳಬೇಡ ಮಗಾ," ಎಂದು ಒಂದು ಸಣ್ಣ ಚೀಲ ಹಿಡಿದುಕೊಂಡರು. ಚೀಲದ ಗಾತ್ರ ನೋಡಿಯೇ ದೀಪಶ್ರೀಯ ಮುಖ ಬಾಡಿತು.

ಬೆಳ್ತಂಗಡಿ ದಾಟುವಾಗ ಕಾರು ನಿಧಾನವಾಗಿ ಎಡಕ್ಕೆ ವಾಲಿತು. ಅತ್ತೆ ಕೂತದ್ದೂ ಎಡಕ್ಕೇ.

"ಅಳಿಯಂದಿರೇ, ನಾನು ಬಾಗಿಲಿಗೆ ಅಂಟಿದ್ದೇನೆ."

"ತಿರುವು ಅತ್ತೆ."

"ತಿರುವು ಮುಗಿದು ಎರಡು ಮೈಲು ಆಯಿತು." ಅವರು ಮೂಗು ಅರಳಿಸಿದರು. "ಇದು ಶೀಟಿನ ವಾಸನೆ ಅಲ್ವಾ? ಡಿಕ್ಕಿಯಲ್ಲಿ ಶೀಟು ಉಂಟಾ?"

"ಡಿಕ್ಕಿಯಲ್ಲಿ ಇಲ್ಲ ಅತ್ತೆ." ಸುಳ್ಳೇನಲ್ಲವಲ್ಲ!

ಮುಂದೆ ಚಕ್ರಕ್ಕೆ ಏನೋ ಸುತ್ತಿಕೊಂಡು ತಪ್, ತಪ್, ತಪ್ ಎಂದು ಮನೆಯ ದಾರಿಯವರೆಗೂ ತಾಳ ಹಾಕಿತು. ಕೊನೆಗೆ ಅದೇ ಮುರಕಲ್ಲಿನ ಮೇಲೆ ಕಾರು ದಣಿದ ಎಮ್ಮೆಯಂತೆ ಕೂತುಬಿಟ್ಟಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಅತ್ತೆ ಇಳಿದು, ಬಗ್ಗಿ, ಚಕ್ರದ ಸಂದಿಗೆ ಕೈ ಹಾಕಿ ಎಳೆದರು. ಕಂದು ಬಣ್ಣದ ಅಂಟು ಮಾರುದ್ದ ಬಂತು.

"ನಲ್ವತ್ತು ವರ್ಷ ಶೀಟು ಒತ್ತಿದ ಕೈ ಇದು," ಎಂದರು. "ಬಿಸಿಲಿಗೆ ಇದು ಏನಾಗ್ತದೆಂತ ನಮ್ಮ ಮನೆಯ ಬೆಕ್ಕಿಗೂ ಗೊತ್ತು." ಆಮೇಲೆ ಮಗಳ ಕೈ ಹಿಡಿದು, ಸೊಂಟದ ಮೇಲೆ ಇನ್ನೊಂದು ಕೈ ಇಟ್ಟು ಮನೆಗೆ ನಡೆದೇ ಹೋದರು.

ಸಂಜೆ ಶಾಫಿ ಬಂದ. ಕಾರಿನ ಅಡಿಗೆ ತೂರಿ ಅಂಟನ್ನು ಬೆರಳಿನಿಂದ ಎಳೆದು ನೋಡಿದ. ಮೆಲ್ಲ ಹೊರಬಂದು ಕೈ ಒರೆಸಿಕೊಂಡ.

"ಮಾಷ್ಟ್ರೇ, ಕಚ್ಚಾ ರಬ್ಬರ್ ಬಿಸಿಗೆ ಮೆತ್ತಗಾಗ್ತದೆ. ಗಂಧಕ ಹಾಕಿ ಕಾಯಿಸಿದರೆ ಮಾತ್ರ ಗಟ್ಟಿ ಆಗುವುದು."

"ಯಾರು ಹೇಳಿದ್ದು ನಿನಗೆ?"

"ನೀವೇ. ಪರೀಕ್ಷೆಯಲ್ಲಿ ನಾನು ಅದನ್ನು ಬರೆಯದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದಿರಿ."

ಅಲ್ಲೊಂದು ಬೆಂಚು ಇದ್ದಿದ್ದರೆ ನಾನೇ ಹತ್ತಿ ನಿಲ್ಲುತ್ತಿದ್ದೆ. ಅವನು ಕಾರನ್ನು ಎಳೆಸಿಕೊಂಡು ಹೋದ. ಎರಡು ದಿನದ ಕೆಲಸ ಎಂದ.

ಮನೆಯಲ್ಲಿ ಅತ್ತೆ ತೀರ್ಪು ಕೊಟ್ಟಾಗಿತ್ತು. "ಕರೆದುಕೊಂಡು ಬಂದವರೇ ಬಿಟ್ಟು ಬರಬೇಕು. ಅದು ನಮ್ಮ ಕ್ರಮ. ಕಾರು ಸರಿಯಾಗಲಿ, ಹೋಗ್ತೇನೆ."

ಎರಡು ದಿನ ಹದಿನೈದಾಯಿತು. ತಾಯಿ ಮಗಳು ಹಪ್ಪಳ ಒತ್ತುತ್ತಾ ನಗುತ್ತಾರೆ. ಕಾಗೆ ಓಡಿಸಲು ಕೋಲು ಹಿಡಿದು ಚಾಪೆಯ ಬದಿಯಲ್ಲಿ ಕೂರುವವನು ನಾನು. "ಅಳಿಯಂದಿರೇ, ಬಿಸಿಲಿಗೆ ಏನು ಒಣಗ್ತದೆ, ಏನು ಕರಗ್ತದೆ ನೋಡಿಕೊಳ್ಳಿ," ಎಂದು ಅತ್ತೆ ದಿನಕ್ಕೆ ನಾಲ್ಕು ಸಲ ಪಾಠ ಮಾಡುತ್ತಾರೆ. ರಜೆ ಯಾವಾಗ ಮುಗಿಯುತ್ತದೋ ಎಂದು ಜೀವಮಾನದಲ್ಲಿ ಮೊದಲ ಬಾರಿ ಅನ್ನಿಸಿತು. ನಿನ್ನೆ ತಡೆಯಲಾರದೆ ಶಾಫಿಯ ಗ್ಯಾರೇಜಿಗೆ ನಡೆದೆ. ಕಾರು ನಾಲ್ಕೂ ಚಕ್ರ ಬಿಚ್ಚಿಕೊಂಡು ಕಲ್ಲಿನ ಮೇಲೆ ಕೂತಿತ್ತು.

"ಏನು ಶಾಫಿ, ಎರಡು ದಿನ ಅಂದಿದ್ದಿ?"

"ಎರಡೇ ದಿನದ್ದು ಮಾಷ್ಟ್ರೇ. ಹೊಸ ಸ್ಪ್ರಿಂಗ್ ಬಂದು ವಾರ ಆಯಿತು."

"ಮತ್ತೆ ಯಾಕೆ ಕೈ ಹಾಕಲಿಲ್ಲ?"

ಅವನು ತಲೆ ಕೆರೆದುಕೊಂಡ.

"ದೀಪಶ್ರೀ ಅಕ್ಕ ಫೋನ್ ಮಾಡಿದ್ದರು. 'ಇವರು ಇಷ್ಟರವರೆಗೆ ಮಾಡಿದ ರಿಪೇರಿಗಳಲ್ಲಿ ಪ್ರಯೋಜನಕ್ಕೆ ಬಂದದ್ದು ಇದೊಂದೇ. ನೀನು ಅದನ್ನು ಸರಿ ಮಾಡಿ ಹಾಳು ಮಾಡಬೇಡ' ಅಂದರು."